ಫೈಲಿನ ಹೆಸರಿಗೆ ಕತ್ತರಿ ಯಾಕೆ?

ನಮ್ಮ ಕಡೆ ವೆಂಕಟೇಶ ಅಂತ ಹೆಸರಿಟ್ಟು ವೆಂಕ ಅಂತ ಕರೆಯೋದು ಮಾಮೂಲು. ಪಕ್ಕದ ಬೀದಿಯ ವೆಂಕಟರಮಣನೂ ವೆಂಕನೇ. ಆದರೂ ಯಾರಿಗೂ ತೊಂದರೆಯಿಲ್ಲ. ಒಬ್ಬ ಗಿರಣಿ ವೆಂಕ, ಇನ್ನೊಬ್ಬ ಮೇಷ್ಟ್ರ ಮನೆ ವೆಂಕ. ಕಂಪ್ಯೂಟರಿಗೆ ಈ ಜಾಣತನ ಇಲ್ಲ. ಒಂದೇ ಡೈರೆಕ್ಟರಿಗೆ ಇಬ್ಬರು ವೆಂಕರು ಬಂದರೆ ಎರಡನೆಯವನು ಮೊದಲನೆಯವನನ್ನು ಅಳಿಸಿ ಅವನ ಜಾಗದಲ್ಲಿ ಕೂತುಬಿಡುತ್ತಾನೆ.

ಕಂಪೈಲರ್ ಬರೆಯೋರು ಈ ಕಾಟವನ್ನು ಬಹಳ ವರ್ಷ ಅನುಭವಿಸಿದ್ದಾರೆ. ಹಳೇ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದು ನಮೂದಿಗೆ 16 ಬೈಟ್. ಅದರಲ್ಲಿ 2 ಐನೋಡ್ ಸಂಖ್ಯೆಗೆ ಹೋದರೆ ಹೆಸರಿಗೆ ಉಳಿಯೋದು 14. ಡಾಸ್‌ನಲ್ಲಿ ಇನ್ನೂ ಬಡತನ: ಚುಕ್ಕಿಗೆ ಮುಂಚೆ 8, ಆಮೇಲೆ 3. ಮಿಕ್ಕಿದ್ದನ್ನು ಅದು ಸದ್ದಿಲ್ಲದೆ ಕತ್ತರಿಸುತ್ತಿತ್ತು. ‘ಫೂಬಾರ್‌ಹ್ಯಾಕರ್’, ‘ಫೂಬಾರ್‌ಹ್ಯಾಂಡ್ಲರ್’ ಅಂತ ಇಂಗ್ಲಿಷಿನಲ್ಲಿ ಎರಡು ಫೈಲಿಗೆ ಹೆಸರಿಟ್ಟರೆ ಮೊದಲ 8 ಅಕ್ಷರ ಒಂದೇ. ಅಂದ್ರೆ ಡಾಸ್ ಪಾಲಿಗೆ ಎರಡೂ ವೆಂಕ! ಹಾಗಾಗಿ ಗ್ನೂ ಯೋಜನೆಯ ಕೋಡಿಂಗ್ ನಿಯಮಗಳಲ್ಲೇ, ಹೆಸರು 14 ಅಕ್ಷರ ದಾಟದಿರಲಿ, ಡಾಸ್‌ನಲ್ಲೂ ಬೇರೆಬೇರೆಯಾಗಿ ಉಳಿಯಲಿ ಅಂತ ಬರೆದಿದ್ದರು. ಜಿಸಿಸಿಯನ್ನು ಡಾಸ್‌ಗೆ ತಂದ ಡಿಜೆಜಿಪಿಪಿಯಲ್ಲಂತೂ ‘ಜಿ++’ ಅನ್ನೋ ಕಂಪೈಲರ್ ಹೆಸರೇ ಬದಲಾಗಿ ‘ಜಿಪಿಪಿ’, ‘ಜಿಎಕ್ಸ್‌ಎಕ್ಸ್’ ಆಯ್ತು. ಡಾಸ್ ಹೆಸರಿನಲ್ಲಿ ಕೂಡುವ ಚಿಹ್ನೆಗೆ ಪ್ರವೇಶ ಇರಲಿಲ್ಲ ನೋಡಿ.

ಸಿ ಭಾಷೆಯ ಮಾನದಂಡಕ್ಕೂ ಈ ಬಡತನ ತಟ್ಟಿತ್ತು. ಹೆಡರ್ ಹೆಸರಿನ ಮೊದಲ 6 ಅಕ್ಷರ ಗುರುತು ಹಿಡಿದರೂ ಸಾಕು ಅಂತ 1989ರಲ್ಲಿ ಕಂಪೈಲರ್‌ಗಳಿಗೆ ರಿಯಾಯಿತಿ ಕೊಟ್ಟಿದ್ದರು. 1999ರಲ್ಲಿ ಅದು 8 ಆಯ್ತು.

ಆಗ ಕತ್ತರಿ ಹಾಕಿದ್ದು ತಪ್ಪು ಅಂತ ನಾನು ಹೇಳೋಲ್ಲ. ಅಗ್ಗದ ಡಾಸ್ ಪೆಟ್ಟಿಗೆ ಇಟ್ಟುಕೊಂಡ ವಿದ್ಯಾರ್ಥಿಗೂ ಕಂಪೈಲರ್ ಸಿಗಲಿ ಅನ್ನೋ ಕಾಳಜಿ ಅದರಲ್ಲಿತ್ತು. ಆದರೆ 1983ರ 4.2 ಬಿಎಸ್‌ಡಿಯಲ್ಲೇ ಹೆಸರಿಗೆ 255 ಸಿಕ್ಕಿತ್ತು, ವಿಂಡೋಸ್ 95 ಬಂದಮೇಲೆ ಪಿಸಿಯವರಿಗೂ ಉದ್ದ ಹೆಸರು ಬಂತು. ಕಾರಣ ಹೋಯ್ತು, ಕತ್ತರಿ ಮಾತ್ರ ಕೈಯಲ್ಲೇ ಉಳೀತು. ನನ್ನ ತಕರಾರು ಇರೋದು ಇಲ್ಲಿ.

ನಾನು ಕೆಲಸ ಮಾಡಿದ ಒಂದು ಕಡೆ ಪುಟ್ಟ ಚಿಪ್ ಒಂದಕ್ಕೆ ಕಂಪೈಲರ್ ಇತ್ತು. ಫೈಲುಗಳ ಹೆಸರು ‘ಆರ್‌ಜಿಎಎಲ್‌ಸಿ2’, ‘ಓಪಿಎಲ್‌ಪಿಎಕ್ಸ್’ ಇತ್ಯಾದಿ. ಮೊದಲನೆಯದು ರಿಜಿಸ್ಟರ್ ಹಂಚಿಕೆಯಂತೆ. ಹಾಗಾದರೆ 1 ಎಲ್ಲಿ? ಅದು ಯಾರಿಗೂ ನೆನಪಿಲ್ಲ. ಆ ಕಟ್ಟಡದಲ್ಲಿ ಡಾಸ್ ಯಂತ್ರ ಒಂದೂ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗಿ ದಿನಾ ಒಬ್ಬ ಹಿರಿಯರ ಹತ್ತಿರ ಹೋಗಿ "ಸಾರ್, ಇದೇನು ಮಾಡತ್ತೆ?" ಅಂತ ಕೇಳಬೇಕಿತ್ತು. ಅವರು ಕೆಲಸ ಬಿಟ್ಟ ದಿನ ಅರ್ಧ ಕಂಪೈಲರ್‌ನ ಅರ್ಥವೂ ಅವರ ಜೊತೆಗೇ ಹೋಯ್ತು. ಎಲ್‌ಎಲ್‌ವಿಎಂ ತೆಗೆದು ನೋಡಿ, ಅಲ್ಲಿ ‘ಲೂಪ್‌ಸ್ಟ್ರೆಂತ್‌ರೆಡ್ಯೂಸ್’ ಅಂತ ಫೈಲ್ ಇದೆ. ಕಂಪೈಲರ್ ಪಾಠ ಓದಿದವರಿಗೆ ಫೈಲ್ ತೆರೆಯೋಕೆ ಮುಂಚೆಯೇ ಒಳಗೇನಿದೆ ಗೊತ್ತಾಗತ್ತೆ.

"ಈಗ ಹೆಸರು ಬದಲಾಯಿಸಿದರೆ ಇತಿಹಾಸವೆಲ್ಲಾ ಕಲಸಿಹೋಗತ್ತೆ" ಅಂತ ಹೆದರಿಸೋರಿದ್ದಾರೆ. ಜಿಸಿಸಿ 2013ರ 4.8ರಿಂದ ಸಿ++ ಕಂಪೈಲರ್‌ನಲ್ಲೇ ಕಟ್ಟುವಂತಾದರೂ ಅದರ ಫೈಲುಗಳ ಬಾಲ ‘.ಸಿ’ ಅಂತಲೇ ಇತ್ತು. 2022ರ ಜನವರಿಯಲ್ಲಿ ಅವರು ಅದನ್ನೂ ‘.ಸಿಸಿ’ ಮಾಡಿದರು. ಅಷ್ಟು ದೊಡ್ಡ ಸಂಸಾರ ಮನೆ ಬದಲಾಯಿಸಬಹುದಾದರೆ ನಮಗೇನು ಕಷ್ಟ? ವಿಂಡೋಸ್‌ನ 260 ಅಕ್ಷರದ ಮಿತಿ ಮಾತ್ರ ನಿಜವಾದ ಆಕ್ಷೇಪ. 2016ರಿಂದ ಅದನ್ನು ಸಡಿಲಿಸಿಕೊಳ್ಳಬಹುದು, ಆದರೆ ತಾನಾಗಿ ಸಡಿಲವಾಗಲ್ಲ. ಅದು ಇಡೀ ದಾರಿಯ ಉದ್ದಕ್ಕೆ ಇರೋ ಮಿತಿ. ಕತ್ತರಿ ಹಾಕೋದಾದರೆ ಏಳು ಸುತ್ತಿನ ಕೋಟೆಯಂಥಾ ಡೈರೆಕ್ಟರಿಗಳಿಗೆ ಹಾಕಿ.

ಹಾಗಂತ ಹೇಗೆ ಬೇಕಾದರೂ ಹೆಸರಿಡಬಹುದು ಅಂತಲ್ಲ. ಜಿಸಿಸಿಗೆ ಸಣ್ಣಕ್ಷರದ ‘.ಸಿ’ ಅಂದ್ರೆ ಸಿ, ದೊಡ್ಡಕ್ಷರದ್ದಾದರೆ ಸಿ++. ವಿಂಡೋಸ್, ಮ್ಯಾಕ್ ಎರಡೂ ಸಾಮಾನ್ಯವಾಗಿ ಈ ಭೇದ ಎಣಿಸಲ್ಲ. ಲಿನಕ್ಸ್ ಕರ್ನಲ್‌ನ ನೆಟ್‌ಫಿಲ್ಟರ್‌ನಲ್ಲಿ ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾದ ಜೋಡಿಗಳಿವೆ. ಮ್ಯಾಕ್‌ನಲ್ಲಿ ಇಳಿಸಿದರೆ ಜೋಡಿಗೆ ಒಂದೇ ಉಳಿಯತ್ತೆ. ಅದೇ ಕರ್ನಲ್‌ನಲ್ಲಿ ‘ಆಕ್ಸ್.ಸಿ’ ಅನ್ನೋ ಫೈಲೂ ಇದೆ. ಡಾಸ್ ಕಾಲದ ಸಾಧನದ ಹೆಸರು ಅದು, ವಿಂಡೋಸ್ 10ರಲ್ಲೂ ಆ ಹೆಸರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಸಣ್ಣಕ್ಷರದಲ್ಲೇ ಬರೆಯಿರಿ, ಇಂಥ ಹೆಸರು ಬಿಡಿ. ಈ ಶಿಸ್ತಿಗೆ ಇವತ್ತೂ ಕಾರಣ ಇದೆ.

ಕನ್ನಡದಲ್ಲಿ ಹೆಸರಿಡೋರಿಗೆ ಒಂದು ಮಾತು. ಲಿನಕ್ಸ್‌ನ 255 ಅನ್ನೋದು ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್, ‘ಕನ್ನಡ’ ಅಂತ ಬರೆದರೆ 15. ಅಂದ್ರೆ ಇಂಗ್ಲಿಷಿಗೆ 255 ಅಕ್ಷರ, ನಮಗೆ 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಈ ತಾರತಮ್ಯ ಇಲ್ಲ. ಆದರೂ 85 ಸಾಕು ಬಿಡಿ, ವೆಂಕಟರಮಣನನ್ನು ಪೂರ್ತಿ ಹೆಸರಿಂದ ಕರೆಯೋಕೆ ಧಾರಾಳವಾಗಿ ಜಾಗ ಇದೆ :)

ನಿಮ್ಮ ಆಫೀಸಿನಲ್ಲೂ ಇಂಥ ಎಂಟಕ್ಷರದ ಒಗಟುಗಳಿದ್ದರೆ, ಅವುಗಳ ಅರ್ಥ ಬಲ್ಲವರು ಇನ್ನೂ ಅಲ್ಲಿರುವಾಗಲೇ ಹೆಸರು ಬಿಡಿಸಿ ಬರೆದಿಡಿ.