ನಡುವಯಸ್ಸಿನ ಸ್ಕೇಟಿಂಗಿಗೆ ತಕ್ಕ ಸಂಗೀತ

ವಿದ್ಯೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಯಬೇಕೆಂದೂ, ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ ಹೊಸ ವಿದ್ಯೆಗೆ ಕೈಹಾಕುವುದು ನಗೆಪಾಟಲಿಗೆ ದಾರಿಯೆಂದೂ ನಮ್ಮಲ್ಲಿ ಅನೇಕರು ಭಾವಿಸುವುದುಂಟು. ವೀಣೆಯನ್ನೋ ಚಿತ್ರಕಲೆಯನ್ನೋ ನಲವತ್ತರ ಮೇಲೆ ಆರಂಭಿಸುವ ಗೃಹಸ್ಥನಿಗೆ ಮೊದಲ ಹಾಸ್ಯದ ಮಾತು ಮನೆಯವರಿಂದಲೇ ಬರುತ್ತದೆ. ಹೀಗಿರಲು, ಐವತ್ತು ಅರುವತ್ತು ವರುಷದ ಗಂಡಸರೂ ಹೆಂಗಸರೂ ಉಕ್ಕಿನ ಅಲಗುಗಳುಳ್ಳ ಬೂಟುಗಳನ್ನು ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ, ಸಭೆಯ ಎದುರಿನಲ್ಲಿ, ಸಂಗೀತಕ್ಕೆ ಸರಿಯಾಗಿ ನರ್ತಿಸುತ್ತಾರೆಂದರೆ ನಮ್ಮ ವಾಚಕರಲ್ಲಿ ಕೆಲವರು ಆಶ್ಚರ್ಯಪಟ್ಟಾರು. ಈ ತಿಂಗಳು ಆ ವಿಚಾರವನ್ನೇ, ಅದರಲ್ಲಿಯೂ ಅವರು ತಮ್ಮ ನರ್ತನಕ್ಕೆ ಸಂಗೀತವನ್ನು ಆರಿಸಿಕೊಳ್ಳುವ ಬಗೆಯನ್ನು, ವಾಚಕರ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

ಈ ಆಟಕ್ಕೆ ಫಿಗರ್ ಸ್ಕೇಟಿಂಗ್ ಎಂದು ಹೆಸರು. ಮಂಜುಗಡ್ಡೆಯ ಮೇಲೆ ಅಲಗಿನಿಂದ ವೃತ್ತ, ಸುರುಳಿ ಮೊದಲಾದ ಆಕೃತಿಗಳನ್ನು ಕೊರೆಯುವುದೇ ಮೊದಲಲ್ಲಿ ಇದರ ಮುಖ್ಯ ಕೌಶಲವಾಗಿದ್ದುದರಿಂದ ಆ ಹೆಸರು ಬಂದಿತು. ಜಗತ್ತಿನ ಪ್ರಥಮ ದರ್ಜೆಯ ಪಂದ್ಯಗಳಲ್ಲಿ 1990ರವರೆಗೂ ಆ ಆಕೃತಿಗಳಿಗೆ ಸ್ಥಾನವಿದ್ದಿತು. ಇದಕ್ಕೆ ಸಂಗೀತವನ್ನೂ ನೃತ್ಯವನ್ನೂ ಕೂಡಿಸಿದವರಲ್ಲಿ ಅಗ್ರಗಣ್ಯನು ಜ್ಯಾಕ್ಸನ್ ಹೇನ್ಸ್ ಎಂಬ ಅಮೆರಿಕಾ ದೇಶದ ನೃತ್ಯಗಾರ. ಅವನ ಸ್ವದೇಶದವರು ಅವನ ರೀತಿಯನ್ನು ಮೆಚ್ಚಲಿಲ್ಲ. ಆಗಿನ ಕಾಲದಲ್ಲಿ ದೇಹವನ್ನು ಕಂಬದಂತೆ ನಿಲ್ಲಿಸಿಕೊಂಡು ಜಾರುವುದೇ ಸಭ್ಯತೆಯೆಂದು ಎಣಿಸಲ್ಪಟ್ಟಿತ್ತು. ಅವನು 1860ರ ದಶಕದಲ್ಲಿ ಯೂರೋಪಿಗೆ ಹೋದನು. ವಾಲ್ಟ್ಸ್ ಎಂಬ ಮೂರೆಣಿಕೆಯ ನೃತ್ಯಸಂಗೀತದಲ್ಲಿ ಮುಳುಗಿದ್ದ ವಿಯೆನ್ನಾ ನಗರದ ಜನರು ಅವನನ್ನು ಆದರದಿಂದ ಬರಮಾಡಿಕೊಂಡರು. ಅವನು 1875ರಲ್ಲಿ ಫಿನ್ಲೆಂಡಿನಲ್ಲಿ ತೀರಿಕೊಂಡನಾದರೂ ಅವನು ಹಾಕಿಕೊಟ್ಟ ದಾರಿ ಉಳಿಯಿತು. ಇಂದು ಸಂಗೀತವಿಲ್ಲದ ಸ್ಕೇಟಿಂಗನ್ನು ಯಾರೂ ಕಲ್ಪಿಸಿಕೊಳ್ಳಲಾರರು.

ಒಲಿಂಪಿಕ್ ಪಂದ್ಯಗಳಲ್ಲಿ ಕಾಣಿಸಿಕೊಳ್ಳುವವರು ಬಹುಮಟ್ಟಿಗೆ ತರುಣರು. ಆದರೆ ದೊಡ್ಡವರಾದ ಮೇಲೆ ಕಲಿಯಲಾರಂಭಿಸಿದವರೂ, ಬಾಲ್ಯದಲ್ಲಿ ಕಲಿತು ಸಂಸಾರದ ಭಾರದಿಂದ ಬಿಟ್ಟು ಮತ್ತೆ ಹಿಂದಿರುಗಿದವರೂ ಸಾವಿರಾರು ಮಂದಿ ಉಂಟು. ಇಂಥವರಿಗಾಗಿಯೇ ಅಮೆರಿಕಾದಲ್ಲಿ 1995ರಲ್ಲಿ ರಾಷ್ಟ್ರಮಟ್ಟದ ಪಂದ್ಯವೊಂದು ಆರಂಭವಾಯಿತು. ಜರ್ಮನಿಯ ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿರುವ ಓಬರ್ಸ್ಟ್‌ಡಾರ್ಫ್ ಎಂಬ ಊರಿನಲ್ಲಿ 2005ರಲ್ಲಿ ಅಂತಾರಾಷ್ಟ್ರೀಯ ಪಂದ್ಯ ಮೊದಲಾಯಿತು. ಅಲ್ಲಿ ಇಪ್ಪತ್ತೆಂಟು ವರುಷ ತುಂಬಿದವರಿಗೆ ಮಾತ್ರ ಪ್ರವೇಶ. ವಯಸ್ಸಿಗೆ ತಕ್ಕ ಗುಂಪುಗಳೂ, ಸಾಮರ್ಥ್ಯಕ್ಕೆ ತಕ್ಕಂತೆ ಕಂಚು, ಬೆಳ್ಳಿ, ಚಿನ್ನ ಎಂಬ ವರ್ಗಗಳೂ, ಅವಕ್ಕೂ ಮೇಲಿನ ವರ್ಗವೂ ಉಂಟು. ವೈದ್ಯರು, ಉಪಾಧ್ಯಾಯರು, ಗುಮಾಸ್ತರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು, ಎಲ್ಲರೂ ಅಲ್ಲಿ ಸೇರಬಹುದು.

ಇವರಲ್ಲಿ ಪ್ರತಿಯೊಬ್ಬರೂ ಮೊಟ್ಟಮೊದಲು ಬಿಡಿಸಬೇಕಾದ ಸಮಸ್ಯೆ ಸಂಗೀತದ್ದು. ಯಾವ ನೆಗೆತ, ಯಾವ ಸುತ್ತು ಎಂಬುದನ್ನು ಗುರುವು ಹೇಳಿಕೊಟ್ಟಾನು. ಉಡುಪನ್ನು ದರ್ಜಿಯು ಹೊಲಿದುಕೊಟ್ಟಾನು. ಯಾವ ನಾದಕ್ಕೆ ತಾನು ನಿಲ್ಲಬೇಕೆಂಬುದನ್ನು ಮಾತ್ರ ಸ್ಕೇಟರು ತಾನೇ ನಿಶ್ಚಯಿಸತಕ್ಕದ್ದು. ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಬಾರಿ ಎಂದು ಲೆಕ್ಕ ಹಾಕಿದರೂ ವರುಷ ಕಳೆಯುವುದರೊಳಗೆ ಆ ಸಂಗೀತವನ್ನು ನಾನೂರೈವತ್ತು ಬಾರಿ ಕೇಳಬೇಕಾಗುತ್ತದೆ. ನೂರನೆಯ ಬಾರಿಗೇ ಬೇಸರ ತರುವ ಮಟ್ಟು ಎಷ್ಟು ಜನಪ್ರಿಯವಾಗಿದ್ದರೇನು?

ಮೊದಲನೆಯದು ಕಾಲದ ಕಟ್ಟಳೆ. ಒಲಿಂಪಿಕ್ ಮಟ್ಟದಲ್ಲಿ ದೀರ್ಘ ಪ್ರದರ್ಶನಕ್ಕೆ ನಾಲ್ಕು ನಿಮಿಷ. ಹತ್ತು ಸೆಕೆಂಡು ಆಚೀಚೆಯಾಗಬಹುದು. ಪ್ರೌಢರ ಕೆಳಗಿನ ವರ್ಗಗಳಲ್ಲಿ ಎರಡು ನಿಮಿಷದ ಆಸುಪಾಸು ಮಾತ್ರ. ಅಷ್ಟರಲ್ಲಿ ನಾಲ್ಕಾರು ನೆಗೆತಗಳೂ, ಬುಗುರಿಯಂತೆ ಸುತ್ತುವ ಒಂದೆರಡು ಸುತ್ತುಗಳೂ, ಹೆಜ್ಜೆಗಳ ಒಂದು ಸಾಲೂ ಅಡಕವಾಗಬೇಕು. ಹದಿನೈದು ನಿಮಿಷದ ಕೃತಿಯಿಂದ ಎರಡು ನಿಮಿಷವನ್ನು ಕತ್ತರಿಸಿ ತೆಗೆಯುವುದು ಸುಲಭವಲ್ಲ. ಆರಂಭವಿರಬೇಕು, ಏರಿಕೆಯಿರಬೇಕು, ಮುಕ್ತಾಯವಿರಬೇಕು. ಬೆಸೆದ ಗುರುತು ಕಿವಿಗೆ ತಿಳಿಯಬಾರದು. ಅರ್ಧಕ್ಕೆ ನಿಲ್ಲಿಸಿದ ಸಂಗೀತವು ಊಟದ ನಡುವೆ ಎಲೆಯೆತ್ತಿದಂತೆ ನೋಡುವವರಿಗೆ ಅಸಮಾಧಾನವನ್ನುಂಟುಮಾಡುತ್ತದೆ.

ಈ ಕತ್ತರಿಯ ಕಷ್ಟಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. 1984ರಲ್ಲಿ ಸರಯೇವೋ ನಗರದ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟಫರ್ ಡೀನ್ ಎಂಬ ಜೋಡಿಯು ಫ್ರಾನ್ಸಿನ ರವೆಲ್ 1928ರಲ್ಲಿ ರಚಿಸಿದ 'ಬೊಲೆರೋ' ಎಂಬ ಕೃತಿಯನ್ನು ಆರಿಸಿಕೊಂಡಿತು. ಒಂದೇ ಮಟ್ಟು ಮೆಲ್ಲಮೆಲ್ಲನೆ ಏರುತ್ತ ಹೋಗುವ ಆ ಕೃತಿಯನ್ನು ಎಷ್ಟು ಕಿರಿದುಮಾಡಿದರೂ 4 ನಿಮಿಷ 28 ಸೆಕೆಂಡಿಗಿಂತ ಕಡಿಮೆಯಾಗಲಿಲ್ಲ. ನಿಯಮವಾದರೋ 4 ನಿಮಿಷ 10 ಸೆಕೆಂಡಿನ ಮೇಲೆ ಬಿಡುತ್ತಿರಲಿಲ್ಲ. ಅಲಗು ಮಂಜುಗಡ್ಡೆಯ ಮೇಲೆ ಚಲಿಸಿದಾಗಿನಿಂದಲೇ ಕಾಲದ ಎಣಿಕೆಯಷ್ಟೆ. ಆದಕಾರಣ ಅವರಿಬ್ಬರೂ ಮೊದಲ 18 ಸೆಕೆಂಡು ಮೊಣಕಾಲೂರಿ, ದೇಹವನ್ನು ಮಾತ್ರ ಸಂಗೀತಕ್ಕೆ ತೂಗಿದರು. ನಿಯಮವೂ ಉಳಿಯಿತು, ಸಂಗೀತವೂ ಉಳಿಯಿತು. ಕಲೆಯ ಅಂಶಕ್ಕೆ ಒಂಬತ್ತು ತೀರ್ಪುಗಾರರೂ ಪೂರ್ಣ ಅಂಕಗಳನ್ನು ಕೊಟ್ಟರು. ಅವರ ಕೌಶಲ ಎಲ್ಲರಿಗೂ ದಕ್ಕದು. ಆದರೆ ಸಂಗೀತದ ಅಂಗವನ್ನು ಮುರಿಯುವ ಮುನ್ನ ಬೇರೆ ಉಪಾಯವುಂಟೇ ಎಂದು ಅವರು ಯೋಚಿಸಿದ ಬಗೆಯನ್ನು ಯಾರು ಬೇಕಾದರೂ ಅನುಸರಿಸಬಹುದು.

ಎರಡನೆಯದು ವೇಗ. ಇಲ್ಲಿಯೇ ನಡುವಯಸ್ಸಿನವರು ಹೆಚ್ಚಾಗಿ ಎಡವುವುದು. ದೂರದರ್ಶನದಲ್ಲಿ ತರುಣ ವೀರನೊಬ್ಬನು ಬಿರುಗಾಳಿಯಂತಹ ವಾದ್ಯಮೇಳಕ್ಕೆ ಹಾರುವುದನ್ನು ಕಂಡು, ತಮಗೂ ಅದೇ ಬೇಕೆಂದು ಆಸೆಪಡುತ್ತಾರೆ. ಸಂಗೀತವು ತಮ್ಮನ್ನು ಎಳೆದುಕೊಂಡು ಹೋದೀತೆಂಬುದು ಅವರ ನಂಬಿಕೆ. ವಾಸ್ತವವಾಗಿ ಆಗುವುದು ಇದಕ್ಕೆ ವಿರುದ್ಧ. ಧ್ರುತಕಾಲದ ಸಂಗೀತದ ಪಕ್ಕದಲ್ಲಿ ನಿಧಾನವಾದ ಕಾಲು ಮತ್ತಷ್ಟು ನಿಧಾನವಾಗಿ ಕಾಣುತ್ತದೆ. ಮದ್ದಳೆಯಂತೆ ಖಚಿತವಾಗಿ ಬಡಿಯುವ ಪೆಟ್ಟುಗಳಿದ್ದರಂತೂ ತಪ್ಪಿದ ಪ್ರತಿಯೊಂದು ಹೆಜ್ಜೆಯನ್ನೂ ಸಭೆಯೇ ಎಣಿಸುತ್ತದೆ. ಉದ್ದವಾಗಿ ಎಳೆದ ಸ್ವರಗಳುಳ್ಳ ವಿಳಂಬದ ಮಟ್ಟಾದರೋ ಒಂದೇ ಅಲಗಿನ ಮೇಲೆ ದೀರ್ಘವಾಗಿ ತೇಲುವುದಕ್ಕೆ ಎಡೆಗೊಡುತ್ತದೆ. ನೆಗೆತವು ಅರೆಕ್ಷಣ ತಡವಾದರೂ ಕ್ಷಮಿಸುತ್ತದೆ. ಆದರೆ ವಿಳಂಬದಲ್ಲಿಯೂ ಒಂದು ಪರೀಕ್ಷೆಯುಂಟು. ತೇಲುವ ಗೆರೆ ನಡುಗಿದರೆ ಅದನ್ನು ಮುಚ್ಚಲು ಅಲ್ಲಿ ಗದ್ದಲವಿಲ್ಲ. ಆದಕಾರಣ ತನ್ನ ಸಹಜವಾದ ನಡೆಯ ವೇಗವೆಷ್ಟೆಂಬುದನ್ನು ಮೊದಲು ಸಂಗೀತವಿಲ್ಲದೆ ಅಳೆದು, ಅನಂತರ ಅದಕ್ಕೆ ಹೊಂದುವ ಲಯವನ್ನು ಹುಡುಕುವುದು ವಿವೇಕ. ವಾಲ್ಟ್ಸಿನ ಮೂರೆಣಿಕೆಯು ಈ ಆಟಕ್ಕೆ ನೂರಕ್ಕೂ ಹೆಚ್ಚು ವರುಷಗಳಿಂದ ಒಗ್ಗಿ ಬಂದಿರುವುದು ಕಾರಣವಿಲ್ಲದೆ ಅಲ್ಲ. ವಾಲ್ಡ್‌ಟಾಯ್ಫೆಲ್ ಎಂಬಾತನು 1882ರಲ್ಲಿ ಸ್ಕೇಟರುಗಳ ಹೆಸರಿನಲ್ಲಿಯೇ ರಚಿಸಿದ ವಾಲ್ಟ್ಸ್ ಇಂದಿಗೂ ಜೀವಂತವಾಗಿದೆ.

ಉಸಿರಿನ ಲೆಕ್ಕವನ್ನೂ ಮರೆಯಲಾಗದು. ಮೊದಲ ನಿಮಿಷದಲ್ಲಿ ಇರುವ ಬಲ ಎರಡನೆಯ ನಿಮಿಷದಲ್ಲಿ ಇರುವುದಿಲ್ಲ. ಕಠಿನವಾದ ನೆಗೆತಗಳನ್ನು ಮೊದಲಲ್ಲಿಟ್ಟು, ನಡುವೆ ಉಸಿರಾಡಿಸುವಷ್ಟು ಸೌಮ್ಯವಾದ ಭಾಗವೊಂದನ್ನು ಉಳಿಸಿಕೊಂಡಿರುವ ಸಂಗೀತ ಒಳ್ಳೆಯದು. ಬಿದ್ದರೆ ಏಳಲು ಮೂರು ನಾಲ್ಕು ಸೆಕೆಂಡು ಬೇಕು. ಎದ್ದ ಮೇಲೆ ಮತ್ತೆ ಕೂಡಿಕೊಳ್ಳಲು ಸಂಗೀತದಲ್ಲಿ ಸ್ಪಷ್ಟವಾದ ತಿರುವು ಬೇಕು. ಅಲ್ಲದೆ, ಅರುವತ್ತು ಮೀಟರು ಉದ್ದದ ಎತ್ತರವಾದ ಚಾವಣಿಯ ಮಂದಿರದಲ್ಲಿ ಧ್ವನಿವರ್ಧಕದಿಂದ ಬರುವ ನಾದವು ಗೋಡೆಗೆ ತಾಗಿ ಮರುದನಿಗೊಳ್ಳುತ್ತದೆ. ಮನೆಯಲ್ಲಿ ಕೇಳಿದಾಗ ಮನಸ್ಸನ್ನು ಕರಗಿಸಿದ ಪಿಯಾನೋವಿನ ಮೃದುಸ್ವರ ಅಲ್ಲಿ ಅಲಗಿನ ಸದ್ದಿನಲ್ಲಿಯೇ ಅಡಗಿಹೋಗಬಹುದು. ಆರಿಸಿಕೊಂಡುದನ್ನು ಆ ಮಂದಿರದಲ್ಲಿಯೇ ಒಮ್ಮೆ ನುಡಿಸಿ ಕೇಳಿದಲ್ಲದೆ ನಿಶ್ಚಯಿಸಬಾರದು.

ಮೂರನೆಯದು ಹಳತಾದ ಮಟ್ಟುಗಳ ಪ್ರಶ್ನೆ. ಬಿಜೆಯ 'ಕಾರ್ಮೆನ್', ಚೈಕೋವ್‌ಸ್ಕಿಯ 'ಹಂಸ ಸರೋವರ' ಮೊದಲಾದವನ್ನು ಎಷ್ಟು ಮಂದಿ ಬಳಸಿದ್ದಾರೆಂದರೆ ಮೊದಲ ನಾಲ್ಕು ಸ್ವರಗಳು ಕೇಳಿದೊಡನೆಯೇ ತೀರ್ಪುಗಾರರಿಗೆ ಹಿಂದಿನವರೆಲ್ಲ ನೆನಪಾಗುತ್ತಾರೆ. 1988ರಲ್ಲಿ ಕ್ಯಾಲ್ಗರಿಯ ಒಲಿಂಪಿಕ್ಸಿನಲ್ಲಿ ಪೂರ್ವ ಜರ್ಮನಿಯ ಕಟರೀನಾ ವಿಟ್ ಮತ್ತು ಅಮೆರಿಕಾದ ಡೆಬಿ ಥಾಮಸ್ ಇಬ್ಬರೂ 'ಕಾರ್ಮೆನ್' ಸಂಗೀತವನ್ನೇ ಆರಿಸಿಕೊಂಡಿದ್ದರು. ಲೋಕವೆಲ್ಲ ಒಬ್ಬಳನ್ನು ಇನ್ನೊಬ್ಬಳೊಡನೆ ತೂಗಿ ನೋಡಿತು. ವಿಟ್‌ಗೆ ಚಿನ್ನ, ಥಾಮಸ್‌ಗೆ ಕಂಚು ದೊರೆಯಿತು. ನಡುವಿನ ಬೆಳ್ಳಿಯನ್ನು ಬೇರೆ ಸಂಗೀತಕ್ಕೆ ಆಡಿದ ಕೆನಡಾದ ಎಲಿಜಬೆತ್ ಮ್ಯಾನ್ಲಿ ಕೊಂಡೊಯ್ದಳು. ಹಳೆಯ ಮಟ್ಟು ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಅದರ ಮೇಲೆ ತನಗೆ ನಿಜವಾದ ಪ್ರೀತಿಯಿದ್ದರೆ ಹೋಲಿಕೆಯ ಭಯದಿಂದ ಬಿಡಬೇಕಾದುದಿಲ್ಲ; ಬೇರೊಂದು ತೋಚದೆ ಹಿಡಿದುದಾದರೆ ಬಿಡುವುದೇ ಲೇಸು.

ಮಾತುಗಳುಳ್ಳ ಹಾಡನ್ನು ಏಕಾಂಗ ಮತ್ತು ಜೋಡಿ ಸ್ಕೇಟಿಂಗಿನಲ್ಲಿ ಬಹುಕಾಲ ಬಳಸಗೊಡುತ್ತಿರಲಿಲ್ಲ. 2014ರಿಂದ ಅದಕ್ಕೆ ಅನುಮತಿ ದೊರೆತಿದೆ. ಇದರಿಂದ ಆಯ್ಕೆ ಹಿಗ್ಗಿತು, ಹೊಣೆಯೂ ಹೆಚ್ಚಿತು. ಹಾಡಿನ ಅರ್ಥ ಒಂದು ಕಡೆ, ಆಡುವವರ ಮುಖಭಾವ ಇನ್ನೊಂದು ಕಡೆ ಹೋದರೆ ನೋಡುವವರಿಗೆ ರಸಾಭಾಸವಾಗುತ್ತದೆ. ಧ್ವನಿಮುದ್ರಣದ ಹಕ್ಕನ್ನೂ ವಿಚಾರಿಸಿಕೊಳ್ಳಬೇಕು. 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕಾದ ಜೋಡಿಯೊಂದು ಹಳೆಯ ಜನಪದ ಗೀತೆಯೊಂದರ ಹೊಸ ಧ್ವನಿಮುದ್ರಣವನ್ನು ಬಳಸಿದಾಗ, ತಮ್ಮ ಅನುಮತಿಯಿಲ್ಲವೆಂದು ಅದನ್ನು ಮಾಡಿದವರು ನ್ಯಾಯಾಲಯದ ಮೆಟ್ಟಿಲೇರಿದರು. ಗೀತೆ ಹಳೆಯದಾದರೂ ಧ್ವನಿಮುದ್ರಣಕ್ಕೆ ಒಡೆಯರಿರುತ್ತಾರೆ.

ಪರದೇಶದ ಸಂಗೀತವನ್ನು ಎತ್ತಿಕೊಳ್ಳುವವರು ಅದರ ಮರ್ಯಾದೆಯನ್ನು ತಿಳಿದಿರಬೇಕು. 2010ರಲ್ಲಿ ವ್ಯಾಂಕೂವರಿನ ಒಲಿಂಪಿಕ್ಸಿನಲ್ಲಿ ಅಮೆರಿಕಾದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಎಂಬವರು 'ದೇವದಾಸ್' ಮೊದಲಾದ ಹಿಂದಿ ಚಲಚ್ಚಿತ್ರಗಳ ಹಾಡುಗಳಿಗೆ ನರ್ತಿಸಿ ಬೆಳ್ಳಿಯ ಪದಕ ಪಡೆದುದನ್ನು ನಮ್ಮವರನೇಕರು ಬಲ್ಲರು. ಅವರು ಭಾರತೀಯ ನೃತ್ಯವನ್ನು ಬಲ್ಲವರ ಬಳಿಗೆ ಹೋಗಿ ಕೈಯ ಚಲನೆಗಳನ್ನು ಕಲಿತಿದ್ದರು. ಅದರಿಂದಲೇ ಅದು ವೇಷವಾಗಿ ಕಾಣಲಿಲ್ಲ. ಜಪಾನಿನ ಯುಜುರು ಹನ್ಯು 2018ರಲ್ಲಿ ತನ್ನ ನಾಡಿನ ಪುರಾತನ ಮಾಂತ್ರಿಕನೊಬ್ಬನ ಕಥೆಯ ಚಲಚ್ಚಿತ್ರದ ಸಂಗೀತಕ್ಕೆ ಆಡಿ ಚಿನ್ನವನ್ನು ಗೆದ್ದುದೂ ಇಲ್ಲಿ ಸ್ಮರಣೀಯ. ತನ್ನ ಮನೆಯ ಸಂಗೀತ ಹೊರಗಿನವರಿಗೆ ತಿಳಿಯದೆಂಬ ಸಂಕೋಚ ಅನಾವಶ್ಯಕ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತೊಂದು ಉಳಿದಿದೆ. ನಡುವಯಸ್ಸಿನ ಸ್ಕೇಟರುಗಳಲ್ಲಿ ಅನೇಕರು ಹಾಸ್ಯದ ಸಂಗೀತವನ್ನು ಆರಿಸಿಕೊಳ್ಳುತ್ತಾರೆ. ಹಾಸ್ಯರಸವು ಯಾರಿಗೆ ಸಹಜವೋ ಅವರು ಅದನ್ನು ಧಾರಾಳವಾಗಿ ಬಳಸಲಿ. ನಗಿಸುವುದು ಅತ್ಯಂತ ಕಷ್ಟವಾದ ಕಲೆ. ಆದರೆ ಇನ್ನು ಕೆಲವರು ಬೇರೆಯವರು ನಗುವುದಕ್ಕೆ ಮೊದಲೇ ತಾವೇ ನಕ್ಕುಬಿಡೋಣವೆಂದು ಹಾಗೆ ಮಾಡುತ್ತಾರೆ. ಬೊಜ್ಜು ಬಂದಿದೆ, ಮೊಣಕಾಲು ನೋಯುತ್ತದೆ, ನೆಗೆತ ನೆಲದಿಂದ ನಾಲ್ಕಂಗುಲ ಏಳುವುದೇ ಕಷ್ಟ; ಇಂಥ ತಾನು ಗಂಭೀರವಾದ ಪಿಟೀಲಿನ ನಾದಕ್ಕೆ ಕೈಚಾಚಿದರೆ ಜನರು ಏನೆಂದಾರು? ಈ ಅಂಜಿಕೆಯಿಂದ ಮನಸ್ಸಿನಲ್ಲಿದ್ದ ಮಟ್ಟನ್ನು ಒಳಗೇ ಬಚ್ಚಿಟ್ಟು, ಕೋಡಂಗಿಯ ಟೋಪಿಯನ್ನು ತಲೆಗೇರಿಸಿಕೊಳ್ಳುತ್ತಾರೆ. ಸಭೆ ನಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಆಡಿದವರಿಗೆ ಮಾತ್ರ ಆಡಿದ ತೃಪ್ತಿ ಇರುವುದಿಲ್ಲ.

ಈ ಸಂಕೋಚಕ್ಕೆ ಕಾರಣವಿಲ್ಲವೆಂದೇ ನಮ್ಮ ಅಭಿಪ್ರಾಯ. ಹದಿನಾರು ವರುಷದ ಬಾಲೆ ವಿರಹವನ್ನೋ ಅಗಲಿಕೆಯನ್ನೋ ನಟಿಸಬಲ್ಲಳು. ಐವತ್ತರ ಗೃಹಿಣಿಯು ಅದನ್ನು ಬಲ್ಲಳು. ನಮ್ಮ ನಾಟ್ಯದಲ್ಲಿಯೂ ಕಾಲಿನ ಚುರುಕು ಕುಂದಿದ ಮೇಲೆ ಅಭಿನಯವು ಪಕ್ವವಾಗುವುದನ್ನು ರಸಿಕರು ಕಂಡಿದ್ದಾರೆ. ಇನ್ನು ವಯಸ್ಸು ದೇಹಕ್ಕೆ ಹಾಕುವ ಎಲ್ಲೆಯೂ ನಾವು ತಿಳಿದಷ್ಟು ಕಠಿನವಲ್ಲ. ಡಿಯಾನಾ ಸ್ಟೆಲಾಟೋ ಡ್ಯೂಡೆಕ್ ಎಂಬಾಕೆ ಹದಿನಾರು ವರುಷ ಈ ಆಟವನ್ನು ಬಿಟ್ಟಿದ್ದು ಹಿಂದಿರುಗಿ, 2024ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಕೆನಡಾದ ಪರವಾಗಿ ಜೋಡಿ ಸ್ಕೇಟಿಂಗಿನ ಜಗತ್ಪ್ರಶಸ್ತಿಯನ್ನು ಗೆದ್ದಳು. ಅದು ಅಪವಾದವೇ ಸರಿ. ಎಲ್ಲರೂ ಪ್ರಶಸ್ತಿಗಾಗಿ ಆಡಬೇಕಾದುದಿಲ್ಲ. ಎರಡು ನಿಮಿಷ ತಾವು ಪ್ರೀತಿಸಿದ ನಾದದೊಳಗೆ ಇದ್ದು ಬರಬೇಕೆಂಬ ಬಯಕೆಯೂ ಗೌರವಾರ್ಹವಾದದ್ದೇ.

ಆದರೂ ಒಂದು ಎಚ್ಚರಿಕೆ ಅವಶ್ಯ. ತೀರಿಹೋದ ತಂದೆ ಕೇಳುತ್ತಿದ್ದ ಹಾಡು, ಮಗಳ ಮದುವೆಯಲ್ಲಿ ನುಡಿಸಿದ ಮಟ್ಟು, ಇಂಥವನ್ನು ಆರಿಸಿಕೊಳ್ಳುವವರುಂಟು. ದುಃಖವು ಹಸಿಯಾಗಿರುವಾಗ ಅದನ್ನು ನಾನೂರೈವತ್ತು ಬಾರಿ ಕೇಳುವುದು ಎಲ್ಲರಿಗೂ ಸಾಧ್ಯವಲ್ಲ. ಕಣ್ಣು ಮಂಜಾದರೆ ಅಲಗು ತಪ್ಪುತ್ತದೆ. ಕೇಳಿ ಕೇಳಿ ಹೃದಯ ಮರಗಟ್ಟಿದರೆ ಆ ಹಾಡೇ ಕಳೆದುಹೋಗುತ್ತದೆ. ಅಂಥ ಹಾಡನ್ನು ಒಂದೆರಡು ವರುಷ ಮನೆಯಲ್ಲಿಯೇ ಇಟ್ಟುಕೊಂಡು, ಕೇಳಿದಾಗ ಮುಖದಲ್ಲಿ ಅಳುವಿಗಿಂತ ಮೊದಲು ಕಿರುನಗೆ ಮೂಡುವ ಕಾಲ ಬಂದಾಗ ಹೊರತೆಗೆಯುವುದು ಒಳ್ಳೆಯದು.

ನಮ್ಮ ವಾಚಕರಲ್ಲಿ ಮಂಜುಗಡ್ಡೆಯ ಮೇಲೆ ಕಾಲಿಡುವವರು ಬಲು ವಿರಳ. ಆದರೆ ಅನ್ಯದೇಶಗಳಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳೊಡನೆ ತಾಯಿತಂದೆಗಳೂ ಇದನ್ನು ಕಲಿಯಬಹುದು. ಇಲ್ಲಿಯೂ ಇಳಿವಯಸ್ಸಿನಲ್ಲಿ ವೀಣೆ ಹಿಡಿಯುವವರು, ಗೆಜ್ಜೆ ಕಟ್ಟುವವರು ಇದ್ದೇ ಇದ್ದಾರೆ. ಅಂಥವರು ಮನೆಯಲ್ಲಿದ್ದರೆ, ಈ ವಯಸ್ಸಿಗೆ ಇದೇಕೆಂದು ಕೇಳುವ ಬದಲು, ಯಾವ ಮಟ್ಟನ್ನು ಆರಿಸಿಕೊಂಡಿರೆಂದು ಕೇಳಿರಿ. ಅವರು ಅದನ್ನು ಹಾಕಿ ತೋರಿಸಿದಾಗ ಎರಡು ನಿಮಿಷ ಕೆಲಸ ಬಿಟ್ಟು ಪಕ್ಕದಲ್ಲಿ ಕುಳಿತು ಆಲಿಸಿರಿ ಎಂದು ಗೃಹಸ್ಥರನ್ನೂ ಗೃಹಿಣಿಯರನ್ನೂ ನಾವು ಪ್ರಾರ್ಥಿಸುತ್ತೇವೆ.