ಸ್ಲೈಡಿನ ಅಂಚನ್ನೂ ನೋಡಿ

ಪನಾಮಾ ಕಾಲುವೆ ತೋಡುತ್ತಿದ್ದ ಕಾಲ. ಮಾರ್ಟಿನಿಕ್ ದ್ವೀಪದಿಂದ ದುಡಿಯಲು ಬಂದಿದ್ದ ಬಡಗಿಯೊಬ್ಬ 1905ರ ಡಿಸೆಂಬರಿನಲ್ಲಿ ತೀರಿಕೊಂಡ. ನೋಟಕ್ಕೆ ಕ್ಷಯದಂತೆಯೇ ಇತ್ತು. ಆದರೆ ಶವಪರೀಕ್ಷೆ ಮಾಡಿದ ಡಾ. ಸ್ಯಾಮ್ಯುಯೆಲ್ ಡಾರ್ಲಿಂಗ್‌ಗೆ ಸೂಕ್ಷ್ಮದರ್ಶಕದಡಿ ಕಂಡದ್ದು ಜೀವಕೋಶಗಳೊಳಗೆ ಕಿಕ್ಕಿರಿದ ಪುಟ್ಟ ಗುಂಡುಗಳು. ಕಾಳಾ ಅಜಾರ್ ತರುವ ಜೀವಿಯ ನೆಂಟನಿರಬೇಕೆಂದುಕೊಂಡು ಹಿಸ್ಟೊಪ್ಲಾಸ್ಮಾ ಕ್ಯಾಪ್ಸುಲೇಟಮ್ ಎಂದು ಹೆಸರಿಟ್ಟರು. ಅದು ಶಿಲೀಂಧ್ರವೆಂದು 1934ರಲ್ಲಿ ಡಿಮಾನ್‌ಬ್ರನ್ ಎಂಬವರು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಹೆಸರಲ್ಲಿರುವ ‘ಕ್ಯಾಪ್ಸೂಲ್’, ಅಂದರೆ ಕವಚ, ಅದಕ್ಕೆ ಇಲ್ಲವೇ ಇಲ್ಲ!

ಕ್ಷಯವೆಂದು ಮೋಸಹೋಗುವುದು ಇಂದಿಗೂ ತಪ್ಪಿಲ್ಲ. ಎಚ್‌ಐವಿಯಿಂದಲೋ ಕಸಿ ಮಾಡಿದ ಮೂತ್ರಪಿಂಡಕ್ಕಾಗಿ ನುಂಗುವ ಮಾತ್ರೆಗಳಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಶಿಲೀಂಧ್ರ ತಗುಲಿದರೆ ಬಿಡದ ಜ್ವರ, ಇಳಿಯುವ ತೂಕ, ಊದಿದ ಗುಲ್ಮ. ಟಿಬಿ ಮಾತ್ರೆ ಶುರುವಾಗುತ್ತದೆ, ಜ್ವರ ಮಾತ್ರ ಜಗ್ಗುವುದಿಲ್ಲ. ಕಲ್ಚರ್ ವರದಿಗೆ ವಾರಗಟ್ಟಲೆ ಕಾಯಬೇಕು.

ಅಷ್ಟರೊಳಗೆ ಗಾಜಿನ ಮೇಲೆ ಸವರಿದ ಒಂದು ಹನಿ ರಕ್ತವೇ, ಅಂದರೆ ಸ್ಮಿಯರ್, ಸುಳಿವು ಕೊಟ್ಟ ಉದಾಹರಣೆಗಳುಂಟು. ಲೀಶ್‌ಮನ್ ಬಣ್ಣ ಹಾಕಿ ಎಣ್ಣೆಯ ಲೆನ್ಸಿನಲ್ಲಿ ನೋಡಿದರೆ, ಬಿಳಿ ರಕ್ತಕಣದ ಹೊಟ್ಟೆಯಲ್ಲಿ 2ರಿಂದ 4 ಮೈಕ್ರಾನಿನ ಯೀಸ್ಟ್‌ಗಳು, ಸುತ್ತ ತೆಳ್ಳನೆಯ ಬಿಳಿ ವಲಯ. ಹೆಚ್ಚೆಂದರೆ ಕೆಂಪು ರಕ್ತಕಣದ ಸುಮಾರು ಅರ್ಧದಷ್ಟಿರುವ ಕಾಳು. ಮಣಿಪುರದಂಥ ಕಡೆ ಕಾಡುವ ಟ್ಯಾಲರೊಮೈಸಿಸ್ ಮಾರ್ನೆಫೈ ಎಂಬ ಇನ್ನೊಂದು ಶಿಲೀಂಧ್ರ ಕೂಡ ಹೀಗೇ ಕಣದೊಳಗೆ ಕೂರುತ್ತದೆ. ಹಿಸ್ಟೊಪ್ಲಾಸ್ಮಾ ಮೊಗ್ಗೊಡೆದು ಬೆಳೆದರೆ, ಇದು ನಡುವೆ ಗೋಡೆ ಕಟ್ಟಿಕೊಂಡು ಇಬ್ಭಾಗವಾಗುತ್ತದೆ. ಆ ಅಡ್ಡಗೆರೆ ಕಂಡರೆ ಗುರುತು ಸಿಕ್ಕಂತೆ.

ಆದರೆ ನೋಡುವವರು ಯಾರು? ಸಿಬಿಸಿ ಯಂತ್ರ ಕಣಗಳನ್ನು ಎಣಿಸಿ ಹಾಳೆ ಉಗುಳುತ್ತದೆ, ಕಣದೊಳಗೇನಿದೆ ಎಂದು ಹೇಳುವುದಿಲ್ಲ. ಯಂತ್ರ ಬೇಡವೆಂದಲ್ಲ. ನಿತ್ಯ ನೂರಾರು ಸ್ಯಾಂಪಲ್ ಬರುವ ಲ್ಯಾಬಿನಲ್ಲಿ ಎಲ್ಲ ಸ್ಲೈಡನ್ನೂ ಕಣ್ಣಲ್ಲೇ ನೋಡಿ ಎನ್ನುವುದು ಕುರ್ಚಿಯಲ್ಲಿ ಕೂತವರ ಮಾತು. ರೋಗನಿರೋಧಕ ಶಕ್ತಿ ಕುಗ್ಗಿ, ಜ್ವರ ಬಿಡದ ಕೆಲವೇ ರೋಗಿಗಳ ಸ್ಲೈಡನ್ನಾದರೂ ನೋಡಲೇಬೇಕೆಂಬ ನಿಯಮ ಬೇಕು, ಅದೂ ರಕ್ತ ತೆಳುವಾಗುತ್ತಾ ಹೋಗುವ ತುದಿಯವರೆಗೆ. ಯೀಸ್ಟ್ ನುಂಗಿ ಉಬ್ಬಿದ ಕಣಗಳು ಅಲ್ಲಿಗೇ ಸರಿದಿರುವುದುಂಟು.

ಸ್ಮಿಯರ್‌ನಲ್ಲಿ ಏನೂ ಕಾಣಲಿಲ್ಲವೆಂದು ಸೋಂಕಿಲ್ಲ ಎನ್ನುವಂತಿಲ್ಲ. ರೋಗ ಬಲಿತವರಲ್ಲೇ ರಕ್ತದಲ್ಲಿ ಯೀಸ್ಟ್ ಸಾಮಾನ್ಯವಾಗಿ ಕಾಣಿಸುವುದು. ಕಂಡರೂ ಮಜ್ಜೆ, ಕಲ್ಚರ್, ಆಂಟಿಜೆನ್ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಬೇಕು. ಆದರೂ ಶಿಲೀಂಧ್ರ ಕೊಲ್ಲುವ ಔಷಧ ಆಂಫೊಟೆರಿಸಿನ್ ಬೇಗ ಶುರುಮಾಡಲು ಆ ಸುಳಿವೇ ದಾರಿಯಾಗಬಹುದು.

ವೈದ್ಯರ ಪಾಲಿನ ಕೆಲಸವೂ ಇದೆ. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಬರೀ ‘ಜ್ವರ’ ಎಂದು ಗೀಚದೆ, ‘ಮೂತ್ರಪಿಂಡ ಕಸಿಯಾಗಿದೆ, ಮೂರು ವಾರದಿಂದ ಜ್ವರ, ಸ್ಮಿಯರ್ ನೋಡಿ’ ಎಂದು ಬರೆಯಲು ಅರ್ಧ ನಿಮಿಷವೂ ಬೇಡ.