ನರ್ಸಿಂಗ್ ಓದಿದವರು ಊರಲ್ಲೇ ಉಳಿಯಬೇಕೆ? ಮೊದಲು ಸಂಬಳದ ಮಾತಾಡೋಣ



ಜಿಎನ್‌ಎಂ ಆದರೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ಆದರೆ ನಾಲ್ಕು ವರ್ಷ ಓದು. ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯ ರಾಜ್ಯ. ಆದರೂ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಹಲವರು ವಾರ್ಡಿನ ಡ್ಯೂಟಿ ಮುಗಿಸಿ ಸಂಜೆ ಜರ್ಮನ್ ಭಾಷೆ ಕಲಿಯಲು ಕೂರುತ್ತಾರೆ, ಇಲ್ಲವೇ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುತ್ತಾರೆ. ಇದನ್ನು ಕಂಡು ‘ದುಡ್ಡಿನಾಸೆ’ ಎಂದು ಮೂಗು ಮುರಿಯುವುದು ಸುಲಭ. ಆದರೆ ಓದಿನ ಸಾಲದ ಕಂತು ಕಟ್ಟಿ, ಹಾಸ್ಟೆಲ್ ಬಾಡಿಗೆ ಕೊಟ್ಟ ಮೇಲೆ ಮನೆಗೆ ಕಳಿಸಲು ಏನೂ ಉಳಿಯದ ಸಂಬಳ ಕೊಟ್ಟು, ಅವರಿಂದ ಊರಿನ ಮೇಲಿನ ಪ್ರೀತಿಯನ್ನು ಕೇಳುವುದು ನ್ಯಾಯವಲ್ಲ. ನರ್ಸ್‌ಗಳ ಸಂಬಳ ಅವರೊಬ್ಬರ ಮನೆಯ ಪ್ರಶ್ನೆಯಲ್ಲ, ಹಾಸಿಗೆಯ ಮೇಲೆ ಮಲಗಿದ ರೋಗಿಯ ಸುರಕ್ಷತೆಯ ಪ್ರಶ್ನೆ ಎಂಬುದು ಈ ಕರಪತ್ರದ ವಾದ.

ಈ ಕೆಲಸದ ಸೂಕ್ಷ್ಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಬಾಟಲಿಯ ಔಷಧವನ್ನು 40ರ ಸಿರಿಂಜಿಗೆ ಎಳೆದರೆ ರೋಗಿಯ ಮೈಸೇರುವುದು ಎರಡೂವರೆ ಪಟ್ಟು. ಅರ್ಧ ಲೀಟರ್ ಗ್ಲೂಕೋಸನ್ನು ಐದು ಗಂಟೆಯಲ್ಲಿ ಇಳಿಸಬೇಕಾದರೆ, ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 33 ಹನಿ ಎಣಿಸಿ ಬಿಡಬೇಕು. ಲೆಕ್ಕ ಪುಸ್ತಕದಲ್ಲಿದೆ, ಆದರೆ ನಡುರಾತ್ರಿ ಮೂರು ಕಡೆಯಿಂದ ಕರೆ ಬಂದಾಗಲೂ ಕೈ ತಪ್ಪದಿರುವ ಹದವನ್ನು ವಿದ್ಯಾರ್ಥಿ ಕಲಿಯುವುದು ಪಕ್ಕದಲ್ಲಿ ನಿಂತ ಸೀನಿಯರ್ ಸಿಸ್ಟರ್‌ನಿಂದ. ಆ ಸೀನಿಯರ್ ಬೇಸತ್ತು ವಿಮಾನ ಹತ್ತಿದರೆ ವಾರ್ಡಿನಲ್ಲಿ ಉಳಿಯುವವರು ಹೊಸಬರು ಮತ್ತು ಇನ್ನೂ ಹೊಸಬರು. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರೆಡೆ ಐವರಿಗೆ ಒಬ್ಬ ನರ್ಸ್ ಇರಬೇಕೆಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ, ಜನ ನಿಲ್ಲದ ಕಡೆ ಕಾಗದದಲ್ಲೇ ಉಳಿಯುತ್ತದೆ.

ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿಗತಿ ನೋಡಲು ತಜ್ಞರ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ; 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕೂ, 50ರಿಂದ 100ರವರೆಗಿದ್ದರೆ ಶೇ. 25ಕ್ಕೂ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಎಂದು ಆ ಸಮಿತಿ ಹೇಳಿತು. ಆದರೆ ಶಿಫಾರಸು ಸಲಹೆಯೇ ಹೊರತು ಕಾನೂನಲ್ಲ. ನರ್ಸ್‌ಗಳ ದೀರ್ಘ ಹೋರಾಟದ ನಂತರ ಕೇರಳ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. 20,000 ರೂಪಾಯಿ ಅಲ್ಲಿ ಆರಂಭದ ಮೆಟ್ಟಿಲಾಯಿತು.

‘ಸಣ್ಣ ನರ್ಸಿಂಗ್ ಹೋಮ್‌ಗಳು ಬಾಗಿಲು ಹಾಕಬೇಕಾಗುತ್ತದೆ’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಸಿಗೆಗೆ ತಕ್ಕ ಹಂತಗಳನ್ನು ಸಮಿತಿ ಇಟ್ಟದ್ದು ಅದಕ್ಕಾಗಿಯೇ. ತಾಲ್ಲೂಕಿನ 20 ಹಾಸಿಗೆಯ ಆಸ್ಪತ್ರೆಯ ಮೇಲೆ ನಗರದ ದೊಡ್ಡ ಆಸ್ಪತ್ರೆಯ ಹೊರೆ ಬೀಳುವುದಿಲ್ಲ. ‘ರೋಗಿಯ ಬಿಲ್ ಏರುತ್ತದೆ’ ಎನ್ನುವವರು, ತಪ್ಪಿದ ಒಂದು ಡೋಸಿನಿಂದ ಐಸಿಯುನಲ್ಲಿ ಹೆಚ್ಚಾಗುವ ದಿನಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ‘ಇದು ಸೇವೆ, ಕೂಲಿಯಲ್ಲ’ ಎಂಬ ಮಾತೂ ಇದೆ. ವೈದ್ಯರದೂ ಸೇವೆಯೇ, ಅವರ ಫೀಸನ್ನು ಯಾರೂ ಚೌಕಾಸಿ ಮಾಡುವುದಿಲ್ಲ. ಸಂಬಳ ಹೆಚ್ಚಿಸಿದರೂ ಕೆಲವರು ಹೊರಗೆ ಹೋಗುತ್ತಾರೆ, ನಿಜ. ಹೋಗುವುದು ಅವರ ಹಕ್ಕು. ಉಳಿಯಬೇಕೆಂಬ ಮನಸ್ಸಿದ್ದೂ ಹೊರಡಬೇಕಾದವರ ಬಗ್ಗೆ ನಮ್ಮ ಮಾತು.

ಆದ್ದರಿಂದ ನಮ್ಮ ಒತ್ತಾಯ ಒಂದೇ: ಖಾಸಗಿ ಆಸ್ಪತ್ರೆಗಳನ್ನು ನೋಂದಾಯಿಸುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಸಮಿತಿ ಹೇಳಿದ ಸಂಬಳವನ್ನು ನೋಂದಣಿಯ ಷರತ್ತಾಗಿಸಬೇಕು. ಇದನ್ನು ನಿಮ್ಮ ಶಾಸಕರಿಗೆ ಬರೆದು ಕೇಳಿ. ಮುಂದಿನ ಸಲ ಮನೆಯವರನ್ನು ಆಸ್ಪತ್ರೆಗೆ ಸೇರಿಸುವಾಗ ಬೆಡ್ ಚಾರ್ಜ್ ವಿಚಾರಿಸಿದ ಹಾಗೆಯೇ ಇನ್ನೊಂದು ಮಾತನ್ನೂ ವಿಚಾರಿಸಿ: ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು?